ಪುರನಿರ್ಮಾಣವೂ ಸರ್ ಎಂ. ವಿಶ್ವೇಶ್ವರಯ್ಯನವರೂ

ತುಮಕೂರು, ಗುಬ್ಬಿ, ಕುಣಿಗಲ್ ಪಟ್ಟಣಗಳು ದಿನೇ ದಿನೇ ಬೆಳೆಯುತ್ತಿರುವುದನ್ನು ನಮ್ಮ ವಾಚಕರು ಕಣ್ಣಾರೆ ಕಾಣುತ್ತಿರುವರಷ್ಟೆ. 2011ರ ಜನಗಣತಿಯಲ್ಲಿಯೇ ತುಮಕೂರಿನ ಜನಸಂಖ್ಯೆಯು ಮೂರು ಲಕ್ಷವನ್ನು ದಾಟಿತು. 2016ರಲ್ಲಿ ಕೇಂದ್ರ ಸರ್ಕಾರದವರ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟಿತವಾಯಿತು. ಇವೆಲ್ಲವೂ ಸಂತೋಷದ ಸಂಗತಿಗಳೇ ಸರಿ. ಆದರೆ ಊರು ಬೆಳೆದಷ್ಟು ಕೆರೆ ಬೆಳೆಯುವುದಿಲ್ಲ. ಮನೆಗಳು ಹೆಚ್ಚಿದಷ್ಟು ಮಳೆ ಹೆಚ್ಚುವುದಿಲ್ಲ. ಇಂತಹ ಕಾಲದಲ್ಲಿ ಪುರನಿರ್ಮಾಣದ ವಿದ್ಯೆಯನ್ನು ಬಲ್ಲ ಮಹನೀಯರೊಬ್ಬರ ಚರಿತ್ರೆಯನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ಕನ್ನಂಬಾಡಿಯ ಕಟ್ಟೆಯು ನೆನಪಿಗೆ ಬರುತ್ತದೆ. ಆದರೆ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಊರುಗಳ ಕುಡಿಯುವ ನೀರು, ಚರಂಡಿ ಮತ್ತು ನೆರೆಹಾವಳಿಯ ವಿಚಾರದಲ್ಲಿ ಸವೆಸಿದರೆಂಬುದನ್ನು ಬಲ್ಲವರು ವಿರಳ. 1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದ ಹಣದಿಂದ ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದರು. ಮೈಸೂರು ಸರ್ಕಾರದವರ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ, ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅಗ್ರಸ್ಥಾನ ಗಳಿಸಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದಲ್ಲಿ ಅವರ ಬುದ್ಧಿಯು ಮೊದಲು ಪರೀಕ್ಷೆಗೆ ಒಳಗಾಯಿತು. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿದುದು. ಅದನ್ನು ಶೋಧಿಸುವ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಮರಳಿನ ಮೂಲಕ ತಾನಾಗಿಯೇ ಸೋಸಿ ಬಂದ ತಿಳಿನೀರನ್ನು ಊರಿಗೆ ಒದಗಿಸಿದರು. 1895ರಲ್ಲಿ ಈ ಕೆಲಸವು ಮುಗಿಯಿತು. ಬೊಕ್ಕಸವು ಬರಿದಾಗಿದೆಯೆಂದು ಕೈಕಟ್ಟಿ ಕುಳಿತುಕೊಳ್ಳುವ ಪುರಸಭೆಗಳಿಗೆ ಇದು ಪಾಠವಾಗತಕ್ಕುದು. ಬಳಿಕ 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ, ನೀರು ಏರಿದಾಗ ತಾನೇ ತೆರೆದು ಇಳಿದಾಗ ತಾನೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ಇದರಿಂದ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸುವುದು ಸಾಧ್ಯವಾಯಿತು. 1906ರಲ್ಲಿ ಏಡನ್ನಿನ ನೀರಿನ ಸಮಸ್ಯೆಯನ್ನು ಪರಿಶೀಲಿಸಲು ಸರ್ಕಾರದವರು ಅವರನ್ನೇ ಕಳುಹಿಸಿದರು. ಇಷ್ಟಾದರೂ ಆ ಕಾಲದಲ್ಲಿ ಅತ್ಯುನ್ನತ ಹುದ್ದೆಗಳು ಆಂಗ್ಲರಿಗೇ ಮೀಸಲಾಗಿದ್ದವು. ಸ್ವಾಭಿಮಾನಿಗಳಾದ ವಿಶ್ವೇಶ್ವರಯ್ಯನವರು 1908ರಲ್ಲಿ ತಾವಾಗಿಯೇ ಆ ಸೇವೆಯಿಂದ ನಿವೃತ್ತರಾದರು.

ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ನಿಜಾಮ ಸರ್ಕಾರದವರ ಆಹ್ವಾನದ ಮೇರೆಗೆ 1909ರಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ಊರೊಳಗಣ ಹಾನಿಯನ್ನು ಮಾತ್ರ ನೋಡಲಿಲ್ಲ. ಮಳೆಯ ಲೆಕ್ಕವನ್ನು ತರಿಸಿದರು; ನದಿಯ ಮೇಲ್ಭಾಗದ ಕೆರೆಗಳನ್ನು ಎಣಿಸಿದರು. ಆ ಜಲಾನಯನದ 788 ಕೆರೆಗಳಲ್ಲಿ 221 ಕೆರೆಗಳು ಒಡೆದುಹೋಗಿದ್ದವು. ಒಂದು ಕೆರೆಯ ಏರಿ ಒಡೆದರೆ ಆ ನೀರು ಕೆಳಗಿನ ಕೆರೆಯನ್ನೂ ಒಡೆಯುವುದು ಸಹಜವಷ್ಟೆ. ನಗರದ ಮೇಲ್ಗಡೆ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಬೇಕೆಂದೂ, ನದೀತೀರವನ್ನು ಕಟ್ಟಡಗಳಿಗೆ ಕೊಡದೆ ಉದ್ಯಾನವನ್ನಾಗಿಸಬೇಕೆಂದೂ, ಒಳಚರಂಡಿಯನ್ನು ಏರ್ಪಡಿಸಬೇಕೆಂದೂ ಅವರು ಸಲಹೆಯಿತ್ತರು. 1920ರ ದಶಕದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಬಳಕೆಗೆ ಬಂದವು. ನೆರೆಯನ್ನು ತಡೆಯಲು ಕಟ್ಟಿದ ಕೆರೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದವು; ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಸ್ತಿಭಾರವಾಯಿತು. ದೇಶಕ್ಕೆ ಯೋಜನಾಬದ್ಧ ಅರ್ಥವ್ಯವಸ್ಥೆಯು ಅವಶ್ಯವೆಂಬುದನ್ನು 1934ರಲ್ಲಿಯೇ ಗ್ರಂಥರೂಪದಲ್ಲಿ ಪ್ರತಿಪಾದಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರು ವರ್ಷ ತುಂಬಿದ ಜೀವವು 1962ರ ಏಪ್ರಿಲ್ 14ರಂದು ಅಸ್ತಂಗತವಾಯಿತು.

ಗುಣಗ್ರಹಣದೊಡನೆ ವಿಮರ್ಶೆಯೂ ಪತ್ರಿಕೆಯ ಧರ್ಮವೇ. ಹಿಂದುಳಿದ ವರ್ಗಗಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ವಿಶೇಷ ಅವಕಾಶ ಕಲ್ಪಿಸಲು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅರ್ಹತೆಯೊಂದೇ ಅಳತೆಗೋಲಾಗಿದ್ದಿತು. ಈ ಭಿನ್ನಾಭಿಪ್ರಾಯದಿಂದ ಅವರು ದಿವಾನ್‌ಗಿರಿಯನ್ನು ತ್ಯಜಿಸಿದರು. ಅವರ ಪ್ರಾಮಾಣಿಕತೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಓದುವ ಅವಕಾಶವೇ ಇಲ್ಲದವನ ಅರ್ಹತೆಯನ್ನು ಅಳೆಯುವುದು ಹೇಗೆ? ಈ ವಿಷಯದಲ್ಲಿ ಕಾಲವು ಮಹಾರಾಜರ ಪಕ್ಷವನ್ನು ವಹಿಸಿತೆಂದೇ ನಾವು ಹೇಳಬೇಕಾಗಿದೆ. ಪುರನಿರ್ಮಾಣಕ್ಕೂ ಈ ಮಾತು ಸಲ್ಲುತ್ತದೆ: ಚರಂಡಿಯನ್ನು ಶುಚಿಮಾಡುವವನ ಕೇರಿಗೆ ನಲ್ಲಿಯು ಕಡೆಯಲ್ಲಿ ಬರುವ ಯೋಜನೆಯು ಯೋಜನೆಯೇ ಅಲ್ಲ.

ಈಗ ನಮ್ಮ ಜಿಲ್ಲೆಯ ಕಡೆಗೆ ದೃಷ್ಟಿಯನ್ನು ಹರಿಸೋಣ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯನ್ನು ಸೇರುತ್ತದೆ. ಮೂರು ತಾಲ್ಲೂಕುಗಳನ್ನೂ ಒಂದೇ ನೀರು ಪೋಣಿಸಿದೆ. ಮಾರ್ಕೋನಹಳ್ಳಿಯಲ್ಲಿ ಹೆಚ್ಚಿದ ನೀರು ಮನುಷ್ಯನ ಕೈ ಸೋಕದೆ ಸೈಫನ್ನುಗಳ ಮೂಲಕ ತಾನೇ ಹೊರಹೋಗುವುದನ್ನು ಕಂಡವರಿಗೆ ಖಡಕ್‌ವಾಸ್ಲಾದ ಬಾಗಿಲುಗಳ ನೆನಪಾಗದಿರದು. ಆದರೆ ತುಮಕೂರು ನಗರವು ಇಂದು ಗೊರೂರಿನಿಂದ ನಾಲೆಯಲ್ಲಿ ಬರುವ ಹೇಮಾವತಿಯ ನೀರನ್ನು ಬುಗುಡನಹಳ್ಳಿಯ ಕೆರೆಯಲ್ಲಿ ಸಂಗ್ರಹಿಸಿಕೊಂಡು ಜೀವಿಸುತ್ತಿದೆ. ಅದೇ ನೀರನ್ನು ಕುಣಿಗಲ್ಲಿನತ್ತ ಒಯ್ಯುವ ಸಂಪರ್ಕ ನಾಲೆಯ ವಿಷಯದಲ್ಲಿ 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರು ಕಡೆಯ ರೈತರು ಬೀದಿಗಿಳಿದರು. ಕುಣಿಗಲ್ಲಿನವರ ಬಾಯಾರಿಕೆಯೂ ಸುಳ್ಳಲ್ಲ, ಗುಬ್ಬಿಯವರ ಭಯವೂ ಸುಳ್ಳಲ್ಲ. ನೆರೆಹೊರೆಯವರು ಒಬ್ಬರನ್ನೊಬ್ಬರು ಶತ್ರುಗಳೆಂದು ಎಣಿಸುವುದಕ್ಕೆ ಮುನ್ನ ನೀರಿನ ಲೆಕ್ಕವು ಎಲ್ಲರ ಮುಂದೆ ಬರಬೇಕು.

ಆದುದರಿಂದ ಅಧಿಕಾರಿವರ್ಗದವರಲ್ಲಿಯೂ ಪುರಪ್ರಮುಖರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ. ಹೊಸ ಬಡಾವಣೆಗೆ ಅನುಮತಿ ಕೊಡುವ ಮೊದಲು ಅದರ ನೀರು ಎಲ್ಲಿಂದ ಬರುವುದು, ಕೊಳಚೆಯು ಎಲ್ಲಿಗೆ ಹೋಗುವುದು ಎಂಬುದನ್ನು ಬರೆದು ಪ್ರಕಟಿಸಲಿ. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಗಳನ್ನು ಅಳೆದು ಕಲ್ಲು ನೆಡಲಿ. ಮೂರು ತಾಲ್ಲೂಕುಗಳ ನೀರಿನ ಆಯವ್ಯಯವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ. ಬೀದಿಗೆ ದೀಪ, ವೃತ್ತಕ್ಕೆ ಕಾರಂಜಿ ಇವು ಅನಂತರ ಬರಲಿ. ವಿಶ್ವೇಶ್ವರಯ್ಯನವರ ಪ್ರತಿಮೆಗೆ ವರ್ಷಕ್ಕೊಮ್ಮೆ ಹಾರ ಹಾಕುವುದು ಸುಲಭ. ಅವರಂತೆ ಮೊದಲು ಅಳೆದು, ಆಮೇಲೆ ಕಟ್ಟುವುದು ಕಷ್ಟ. ಆ ಕಷ್ಟವನ್ನು ನಾವು ಕೈಗೊಳ್ಳದಿದ್ದರೆ ನಮ್ಮ ಮಕ್ಕಳು ಬೆಳೆದ ಊರಿನಲ್ಲಿದ್ದೂ ಬಿಂದಿಗೆ ಹಿಡಿದು ನಿಲ್ಲಬೇಕಾದೀತು.