ನೆಲ್ಲಿ ಬ್ಲೈ: ಲೇಖನಿಯ ಕಾಯಕದಿಂದ ಲೋಹದ ಕಾಯಕಕ್ಕೆ

ಶರಣರು ಕಾಯಕವನ್ನು ಕೇವಲ ಹೊಟ್ಟೆಪಾಡಿನ ಉದ್ಯೋಗವೆಂದು ಎಣಿಸಲಿಲ್ಲ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದೂ ಅವುಗಳ ಫಲವು ದಾಸೋಹಕ್ಕೆ ಸಲ್ಲತಕ್ಕದ್ದೆಂದೂ ಅವರು ಸಾರಿದರು. ಒಬ್ಬ ವ್ಯಕ್ತಿಯು ತಾನು ಕೀರ್ತಿ ಗಳಿಸಿದ ಕಾಯಕವನ್ನು ತೊರೆದು ಮತ್ತೊಂದನ್ನು ಕೈಕೊಂಡರೆ ಅಂತರಂಗದ ನಿಷ್ಠೆಯು ಉಳಿಯುವುದೇ, ಅಳಿಯುವುದೇ? ಈ ಪ್ರಶ್ನೆಯನ್ನು ತನ್ನ ಬಾಳಿನಲ್ಲಿಯೇ ಎದುರಿಸಿದವಳು ಅಮೆರಿಕದ ಪತ್ರಿಕೋದ್ಯಮಿ ನೆಲ್ಲಿ ಬ್ಲೈ. ಆಕೆಯ ಏಳುಬೀಳುಗಳೆರಡೂ ವಿದ್ಯಾಸಂಸ್ಥೆಯನ್ನು ನಡೆಸುವವರಿಗೂ ಪೋಷಿಸುವವರಿಗೂ ಮನನಯೋಗ್ಯವಾಗಿವೆ.

ಈಕೆಯ ಜನ್ಮನಾಮ ಎಲಿಜಬೆತ್ ಜೇನ್ ಕಾಕ್ರನ್. 1864ನೆಯ ಇಸವಿ ಮೇ ತಿಂಗಳ 5ರಂದು ಪೆನ್ಸಿಲ್ವೇನಿಯ ಪ್ರಾಂತದ ಕಾಕ್ರನ್ಸ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಜನಿಸಿದಳು. ಗಿರಣಿಯ ಒಡೆಯನಾಗಿದ್ದ ತಂದೆಯು ಮೃತ್ಯುಪತ್ರವನ್ನು ಬರೆದಿಡದೆಯೇ ತೀರಿಕೊಂಡಾಗ ಮಗುವಿಗೆ ಆರು ವರ್ಷ. ಸಿರಿವಂತ ಮನೆತನವು ನೋಡನೋಡುತ್ತಿದ್ದಂತೆ ಬಡತನಕ್ಕಿಳಿಯಿತು. ತಾಯಿಯು ಮರುವಿವಾಹವಾದರೂ ಆ ಪತಿಯ ಕ್ರೌರ್ಯವನ್ನು ತಾಳಲಾರದೆ ನ್ಯಾಯಾಲಯದ ಮೊರೆಹೊಗಬೇಕಾಯಿತು. ಆಗ ತಾಯಿಯ ಪರವಾಗಿ ಸಾಕ್ಷಿ ನುಡಿದವಳು ಹದಿನಾಲ್ಕರ ಹರೆಯದ ಈ ಬಾಲೆ. ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವು ಆಕೆಗೆ ಹೀಗೆ ಎಳವೆಯಲ್ಲಿಯೇ ಮೈಗೂಡಿತು.

ಅಧ್ಯಾಪಕಿಯಾಗಬೇಕೆಂಬುದು ಆಕೆಯ ಮೊದಲ ಹಂಬಲ. 1879ರಲ್ಲಿ ಇಂಡಿಯಾನಾ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಗೆ ಸೇರಿದಳು. ಆದರೆ ಶುಲ್ಕ ತೆರಲು ಹಣವಿಲ್ಲದೆ ಒಂದೇ ಅವಧಿಯ ತರುವಾಯ ಶಾಲೆಯನ್ನು ಬಿಡಬೇಕಾಯಿತು. ಬಡತನವು ಎಷ್ಟೋ ಪ್ರತಿಭೆಗಳನ್ನು ಹೀಗೆ ಶಾಲೆಯ ಹೊಸ್ತಿಲಿನಲ್ಲಿಯೇ ತಡೆದು ನಿಲ್ಲಿಸುತ್ತದೆ. ಈಕೆಯು ಎದೆಗುಂದದೆ ತಾಯಿಯೊಡನೆ ಪಿಟ್ಸ್‌ಬರ್ಗ್ ನಗರವನ್ನು ಸೇರಿದಳು.

1885ರಲ್ಲಿ ಅಲ್ಲಿನ 'ಡಿಸ್‌ಪ್ಯಾಚ್' ಪತ್ರಿಕೆಯಲ್ಲಿ ಹೆಂಗಸರಿಗೆ ಮನೆಯೇ ತಕ್ಕ ಸ್ಥಳವೆಂದು ಪ್ರತಿಪಾದಿಸುವ ಲೇಖನವೊಂದು ಪ್ರಕಟವಾಯಿತು. ಅದನ್ನು ಖಂಡಿಸಿ ಈಕೆ ಬರೆದ ಪತ್ರದ ಕಾವನ್ನು ಕಂಡ ಸಂಪಾದಕನು ಆಕೆಯನ್ನು ಕರೆಸಿ ಕೆಲಸ ಕೊಟ್ಟನು. ಜನಪ್ರಿಯ ಹಾಡೊಂದರಿಂದ ನೆಲ್ಲಿ ಬ್ಲೈ ಎಂಬ ಲೇಖನನಾಮವನ್ನು ಆರಿಸಲಾಯಿತು. ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಬವಣೆಯನ್ನು ಆಕೆ ಬರೆಯತೊಡಗಿದಳು. ಕ್ರಮೇಣ ಪತ್ರಿಕೆಯವರು ಉಡುಗೆತೊಡುಗೆ, ಹೂದೋಟಗಳ ವಿಷಯವನ್ನೇ ಒಪ್ಪಿಸತೊಡಗಿದಾಗ ಬೇಸತ್ತು, 1887ರಲ್ಲಿ ನ್ಯೂಯಾರ್ಕಿಗೆ ತೆರಳಿ ಜೋಸೆಫ್ ಪುಲಿಟ್ಜರನ 'ವರ್ಲ್ಡ್' ಪತ್ರಿಕೆಯ ಬಾಗಿಲು ತಟ್ಟಿದಳು.

ಅಲ್ಲಿ ದೊರೆತ ಕೆಲಸವು ಗಂಡೆದೆಯವರನ್ನೂ ನಡುಗಿಸುವಂಥದು. ಬ್ಲ್ಯಾಕ್‌ವೆಲ್ ದ್ವೀಪದಲ್ಲಿದ್ದ ಮಹಿಳಾ ಮನೋರೋಗಿಗಳ ಆಸ್ಪತ್ರೆಯ ಒಳಗುಟ್ಟನ್ನು ಅರಿಯಲು ತಾನೇ ಬುದ್ಧಿಭ್ರಮಣೆಯಾದವಳಂತೆ ನಟಿಸಿ ಒಳಹೊಗಬೇಕಿತ್ತು. ಪೊಲೀಸರೂ ನ್ಯಾಯಾಧೀಶನೂ ವೈದ್ಯರೂ ಆ ನಟನೆಯನ್ನು ನಿಜವೆಂದೇ ನಂಬಿದರು. ಒಳಸೇರಿದ ಕೂಡಲೆ ನಟನೆಯನ್ನು ಬಿಟ್ಟು ಸಹಜವಾಗಿ ವರ್ತಿಸಿದರೂ ಆಕೆಯ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಕೊರೆಯುವ ತಣ್ಣೀರಿನ ಸ್ನಾನ, ತಿನ್ನಲಾಗದ ಅನ್ನಾಹಾರ, ದಾದಿಯರ ಹೊಡೆತಬಡಿತ, ದಿನವಿಡೀ ಮಾತಿಲ್ಲದೆ ಬೆಂಚಿನ ಮೇಲೆ ಕುಳಿತಿರಬೇಕೆಂಬ ಕಟ್ಟಳೆ, ಇವೆಲ್ಲವನ್ನೂ ಹತ್ತು ದಿನ ಸಹಿಸಿದಳು. ಇಂಗ್ಲಿಷ್ ಭಾಷೆ ಬಾರದುದೊಂದೇ ಕಾರಣದಿಂದ ತಮ್ಮ ಅಹವಾಲನ್ನು ಹೇಳಲಾರದೆ ಅಲ್ಲಿ ಸಿಲುಕಿದ್ದ ಪರದೇಶದ ಸ್ತ್ರೀಯರನ್ನೂ ಕಂಡಳು. ಪತ್ರಿಕೆಯವರು ಬಿಡಿಸಿ ತಂದ ಮೇಲೆ ಆಕೆ ಬರೆದ ವರದಿಯು ದೇಶವನ್ನೇ ಕಲಕಿತು. ವಿಚಾರಣಾ ಮಂಡಲಿಯು ತನಿಖೆ ನಡೆಸಿತು. ಇಂತಹ ಸಂಸ್ಥೆಗಳಿಗೆ ನಗರಾಡಳಿತವು ನೀಡುವ ಹಣವೂ ಹೆಚ್ಚಿತು. ವರದಿಗಾರನು ಸ್ವತಃ ಒಳಹೊಕ್ಕು ಸತ್ಯವನ್ನು ಶೋಧಿಸುವ ಪದ್ಧತಿಗೆ ಆ ಬರಹವು ಮಾದರಿಯಾಯಿತು.

1889ರ ನವೆಂಬರ್ 14ರಂದು ಆಕೆ ಏಕಾಕಿನಿಯಾಗಿ, ಒಂದೇ ಕೈಚೀಲದೊಡನೆ ಭೂಪ್ರದಕ್ಷಿಣೆಗೆ ಹೊರಟಳು. ಎಂಬತ್ತು ದಿನಗಳಲ್ಲಿ ಜಗತ್ತನ್ನು ಸುತ್ತಿದ ಕಥಾನಾಯಕನನ್ನು ಸೃಷ್ಟಿಸಿದ ಜೂಲ್ಸ್ ವರ್ನನನ್ನು ಫ್ರಾನ್ಸಿನಲ್ಲಿ ಕಂಡು, ಸೂಯೆಜ್, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳ ಮಾರ್ಗವಾಗಿ 72 ದಿನಗಳಲ್ಲಿ ಹಿಂದಿರುಗಿದಳು. ಇದರಿಂದ ಆಕೆಯ ಹೆಸರು ಮನೆಮಾತಾಯಿತು. ಆದರೂ ದುಡಿಯುವವರ ಕಡೆಗಿದ್ದ ಆಕೆಯ ದೃಷ್ಟಿ ಕದಲಲಿಲ್ಲ. 1894ರ ಪುಲ್‌ಮನ್ ರೈಲ್ವೆ ಮುಷ್ಕರದ ಕಾಲದಲ್ಲಿ ಕಾರ್ಮಿಕರ ಪಕ್ಷವನ್ನು ಜನರ ಮುಂದಿಟ್ಟಳು.

1895ರಲ್ಲಿ ಆಕೆಯ ಬಾಳು ಬೇರೊಂದು ದಿಕ್ಕಿಗೆ ಹೊರಳಿತು. ತನಗಿಂತ ಸುಮಾರು ನಾಲ್ವತ್ತು ವರ್ಷ ಹಿರಿಯನಾದ ಉದ್ಯಮಿ ರಾಬರ್ಟ್ ಸೀಮನ್ ಎಂಬಾತನನ್ನು ವಿವಾಹವಾಗಿ ಕಾಲಕ್ರಮದಲ್ಲಿ ಪತ್ರಿಕಾವೃತ್ತಿಯಿಂದ ದೂರವಾದಳು. ಬ್ರೂಕ್ಲಿನ್‌ನಲ್ಲಿದ್ದ ಪತಿಯ 'ಐರನ್ ಕ್ಲ್ಯಾಡ್' ಕಾರ್ಖಾನೆಯಲ್ಲಿ ಹಾಲಿನ ಕ್ಯಾನು, ಬಾಯ್ಲರು ಮೊದಲಾದ ಲೋಹದ ಸಾಮಗ್ರಿಗಳು ತಯಾರಾಗುತ್ತಿದ್ದವು. ಆಕೆ ಯಂತ್ರಗಳ ನಡುವೆ ನಿಂತು ಆ ವಿದ್ಯೆಯನ್ನು ಕಲಿತಳು. ಹೊಸ ಬಗೆಯ ಹಾಲಿನ ಕ್ಯಾನಿಗೂ ಒಂದರೊಳಗೊಂದು ಜೋಡಿಸಿಡಬಹುದಾದ ಕಸದ ಡಬ್ಬಿಗೂ 1902ರಲ್ಲಿ ಪೇಟೆಂಟು ಪಡೆದಳು. 1904ರಲ್ಲಿ ಪತಿಯು ಕಾಲವಶನಾದ ಮೇಲೆ ಉದ್ಯಮದ ಸಂಪೂರ್ಣ ಹೊಣೆಯನ್ನು ಹೊತ್ತಳು. ಆಕೆಯ ಕಾರ್ಖಾನೆಯ ಹೆನ್ರಿ ವೆರ್‌ಹಾನ್ ಎಂಬಾತನು ರೂಪಿಸಿದ ಉಕ್ಕಿನ ಪೀಪಾಯಿಯು ದ್ರವವಸ್ತುಗಳ ಸಾಗಣೆಗೆ ಬಹಳ ಉಪಯುಕ್ತವಾಯಿತು.

ಹಿಂದೆ ಕಾರ್ಖಾನೆಗಳ ಅನ್ಯಾಯವನ್ನು ಬಯಲಿಗೆಳೆದಿದ್ದ ಈಕೆ ತಾನೇ ಒಡತಿಯಾದಾಗ ನುಡಿದಂತೆ ನಡೆದಳು. ಕೆಲಸಗಾರರಿಗಾಗಿ ವಾಚನಾಲಯವನ್ನೂ ವ್ಯಾಯಾಮಶಾಲೆಯನ್ನೂ ಏರ್ಪಡಿಸಿದಳು. ವೃತ್ತಿ ಪಲ್ಲಟವಾದರೂ ಅಂತಃಕರಣ ಪಲ್ಲಟವಾಗಲಿಲ್ಲ.

ಆದರೆ ಒಂದು ಎಡೆಯಲ್ಲಿ ಆಕೆ ಮೈಮರೆತಳು. ಹಣಕಾಸಿನ ವ್ಯವಹಾರವನ್ನು ಕೈಕೆಳಗಿನವರಿಗೆ ಒಪ್ಪಿಸಿ ಲೆಕ್ಕದ ಪುಸ್ತಕಗಳ ಗೊಡವೆಗೆ ಹೋಗಲಿಲ್ಲ. ನಂಬಿದ ನೌಕರರೇ ಖೋಟಾ ಚೆಕ್ಕುಗಳಿಂದ ಅಪಾರವಾದ ಹಣವನ್ನು ಲಪಟಾಯಿಸಿದರು. ಸಂಸ್ಥೆಯು ದಿವಾಳಿಗೆ ಗುರಿಯಾಯಿತು. ವ್ಯಾಜ್ಯಗಳು ವರ್ಷಗಟ್ಟಲೆ ಬೆನ್ನುಹತ್ತಿದವು. ಪರರ ಕೋಟೆಗಳನ್ನು ಹೊಕ್ಕು ಗುಟ್ಟನ್ನು ಬಗೆದು ತಂದ ಕಣ್ಣು ತನ್ನ ಮನೆಯ ಪೆಟ್ಟಿಗೆಯನ್ನು ನೋಡದೆ ಹೋದುದು ವಿಧಿಯ ವಿಡಂಬನೆಯಲ್ಲ. ಸದುದ್ದೇಶವೊಂದೇ ಸಾಕೆಂಬ ಭ್ರಮೆಯ ಫಲ.

ಐಶ್ವರ್ಯವು ಹೋದರೂ ಮೊದಲ ವಿದ್ಯೆಯು ಕೈಬಿಡಲಿಲ್ಲ. 1914ರಲ್ಲಿ ಆಸ್ಟ್ರಿಯಕ್ಕೆ ಹೋಗಿದ್ದಾಗ ಮಹಾಯುದ್ಧವು ಭುಗಿಲೆದ್ದಿತು. ಐವತ್ತರ ವಯಸ್ಸಿನಲ್ಲಿ ರಣರಂಗದ ಕಂದಕಗಳವರೆಗೂ ಹೋಗಿ 'ಈವ್ನಿಂಗ್ ಜರ್ನಲ್' ಪತ್ರಿಕೆಗೆ ವರದಿಗಳನ್ನು ಕಳುಹಿಸಿದಳು. 1919ರಲ್ಲಿ ನ್ಯೂಯಾರ್ಕಿಗೆ ಮರಳಿ ಅದೇ ಪತ್ರಿಕೆಯ ಅಂಕಣದ ಮೂಲಕ ಅನಾಥ ಶಿಶುಗಳಿಗೆ ಆಶ್ರಯ ದೊರಕಿಸುವುದರಲ್ಲಿ ನಿರತಳಾದಳು. 1922ರ ಜನವರಿ 27ರಂದು, 57ನೆಯ ವಯಸ್ಸಿನಲ್ಲಿ, ನ್ಯುಮೋನಿಯದಿಂದ ದೇಹವನ್ನು ಬಿಟ್ಟಳು.

ಒಂದು ಅವಧಿಯ ಶುಲ್ಕವಿಲ್ಲದೆ ಶಾಲೆಯನ್ನು ಬಿಟ್ಟ ಬಾಲೆಯ ನೆನಪು ದಾನಿಗಳ ಹೃದಯದಲ್ಲಿರಲಿ. ಅಂತಹ ಮತ್ತೊಬ್ಬಳು ನಮ್ಮ ಬಾಗಿಲಿನಿಂದ ಹಿಂದಿರುಗದಿರಲಿ. ಕಲಿತ ವಿದ್ಯೆಯು ಯಾವ ವೃತ್ತಿಗೆ ಒಯ್ದರೂ ಕಣ್ಣಾರೆ ಕಾಣುವ, ಕಂಡುದನ್ನು ನುಡಿಯುವ ನಿಷ್ಠೆಯನ್ನು ವಿದ್ಯಾರ್ಥಿಗಳು ಬಿಡದಿರಲಿ. ದಾಸೋಹದ ಹೊಣೆ ಹೊತ್ತವರು ಉದಾರಹೃದಯದೊಡನೆ ಎಚ್ಚರದ ಲೆಕ್ಕವನ್ನೂ ಇಡಲಿ. ಪರರ ದೋಷವನ್ನು ಶೋಧಿಸುವ ಕಣ್ಣು ಮೊದಲು ತನ್ನೊಳಗನ್ನು ಶೋಧಿಸಬೇಕೆಂಬುದೇ ಈ ಬಾಳು ನಮಗೆ ಬಿಟ್ಟುಹೋದ ಪಾಠ.