ಹ್ಯೂ ಕ್ಲೆಗಾರ್ನ್

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗಾರ್ನ್ (9 ಆಗಸ್ಟ್ 1820 – 16 ಮೇ 1895) ಅವರು ಸ್ಕಾಟ್‌ಲೆಂಡ್ ಮೂಲದ ವೈದ್ಯರು, ಸಸ್ಯಶಾಸ್ತ್ರಜ್ಞರು ಹಾಗೂ ಅರಣ್ಯಾಧಿಕಾರಿಗಳು. 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡ ಇವರನ್ನು ಭಾರತದ ವ್ಯವಸ್ಥಿತ ಅರಣ್ಯಾಡಳಿತಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರೆಂದು ಪರಿಗಣಿಸಲಾಗುತ್ತದೆ. ಇವರ ಸಸ್ಯಾಧ್ಯಯನ ರೂಪುಗೊಂಡದ್ದು ಶಿವಮೊಗ್ಗದಲ್ಲಿ. ನಾಡಿನ ಮೂಲ ಕಾಡನ್ನು ಉಳಿಸಬೇಕೆಂಬ ವಾದ ಮತ್ತು ಉಪಯುಕ್ತ ವಿದೇಶಿ ಮರಗಳನ್ನು ತಂದು ಬೆಳೆಸಬೇಕೆಂಬ ನೀತಿ, ಇವೆರಡೂ ಇವರ ವೃತ್ತಿಜೀವನದಲ್ಲಿ ಜೊತೆಜೊತೆಯಾಗಿ ಸಾಗಿದವು. ಇವೆರಡರ ಪರಿಣಾಮಗಳೂ ದಕ್ಷಿಣ ಭಾರತದ ಕಾಡುಗಳಲ್ಲಿ ಇಂದಿಗೂ ಕಾಣುತ್ತವೆ.

ಜನನ ಮತ್ತು ಶಿಕ್ಷಣ

ಕ್ಲೆಗಾರ್ನ್ ಮದರಾಸಿನಲ್ಲಿ ಜನಿಸಿದರು. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದರು. ಇವರ ಹೆಸರನ್ನೇ ಹೊಂದಿದ್ದ ಅಜ್ಜ ಹ್ಯೂ ಕ್ಲೆಗಾರ್ನ್ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು. ಮುಂದೆ ಸಿಲೋನಿನ ಬ್ರಿಟಿಷ್ ಆಡಳಿತದ ಮೊದಲ ಕಾರ್ಯದರ್ಶಿಯಾದರು. ಬಾಲಕ ಕ್ಲೆಗಾರ್ನ್ ಸ್ಕಾಟ್‌ಲೆಂಡಿನ ಫೈಫ್ ಪ್ರದೇಶದ ಸ್ಟ್ರಾವಿಥಿ ಎಂಬಲ್ಲಿ ಅಜ್ಜನ ಆಶ್ರಯದಲ್ಲಿ ಬೆಳೆದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1841ರಲ್ಲಿ ಪದವಿ ಪಡೆದರು. ಆ ಕಾಲದಲ್ಲಿ ಔಷಧಿಗಳು ಬಹುಪಾಲು ಸಸ್ಯಗಳಿಂದಲೇ ತಯಾರಾಗುತ್ತಿದ್ದುದರಿಂದ ವೈದ್ಯ ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರವೂ ಪಾಠದ ವಿಷಯವಾಗಿತ್ತು. 1842ರಲ್ಲಿ ಇವರು ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮದರಾಸಿಗೆ ಮರಳಿದರು.

ಶಿವಮೊಗ್ಗದ ವರ್ಷಗಳು

1831ರಿಂದ 1881ರವರೆಗೆ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಮಾರ್ಕ್ ಕಬ್ಬನ್ ಕಮಿಷನರರಾಗಿದ್ದ ಅವಧಿಯಲ್ಲಿ ಕ್ಲೆಗಾರ್ನ್ ಮೈಸೂರು ಸೇವೆಗೆ ಬಂದು, 1845ರಿಂದ 1847ರವರೆಗೆ ನಗರ ವಿಭಾಗದ ಶಿವಮೊಗ್ಗದಲ್ಲಿ ವೈದ್ಯರಾಗಿ ಕೆಲಸ ಮಾಡಿದರು. ಪ್ರತಿದಿನ ಕಾಲು ಗಂಟೆಯಷ್ಟಾದರೂ ಒಂದು ಸಸ್ಯವನ್ನು ಕೂಲಂಕಷವಾಗಿ ನೋಡಬೇಕೆಂಬ ವಿಲಿಯಂ ಹೂಕರ್ ಅವರ ಸಲಹೆಯನ್ನು ಇಲ್ಲಿ ವ್ರತದಂತೆ ಪಾಲಿಸಿದರು. ಭಾರತೀಯ ಚಿತ್ರಕಾರರೊಬ್ಬರಿಂದ ಆ ಸಸ್ಯಗಳ ವರ್ಣಚಿತ್ರಗಳನ್ನು ಬರೆಯಿಸಿದರು.

ಶಿವಮೊಗ್ಗ ಪಟ್ಟಣವು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಅಂಚಿನಲ್ಲಿದೆ. ಪಶ್ಚಿಮಕ್ಕೆ ಹೋದಂತೆ ನಿತ್ಯಹರಿದ್ವರ್ಣದ ಕಾನುಗಳು, ಪೂರ್ವಕ್ಕೆ ಬಂದಂತೆ ಎಲೆ ಉದುರುವ ಕಾಡುಗಳು ಸಿಗುತ್ತವೆ. ಸಾಗರದ ರಸ್ತೆಯಲ್ಲಿ, ಈಗ ಹುಲಿ ಮತ್ತು ಸಿಂಹಧಾಮವಿರುವ ತ್ಯಾವರೆಕೊಪ್ಪವೂ ಈ ಅಂಚಿನ ಪ್ರದೇಶಕ್ಕೆ ಸೇರಿದೆ. ತೇಗ, ಮತ್ತಿ, ಹೊನ್ನೆ, ಬೀಟೆ, ನಂದಿ, ಬಿದಿರು ಈ ಭಾಗದ ಸಹಜ ಸಂಪತ್ತು. ಹಡಗು ನಿರ್ಮಾಣಕ್ಕೂ ಕಟ್ಟಡಗಳಿಗೂ ತೇಗವನ್ನು ಲೆಕ್ಕವಿಲ್ಲದೆ ಕಡಿಯುತ್ತಿದ್ದುದು ಕ್ಲೆಗಾರ್ನ್ ಅವರ ಗಮನ ಸೆಳೆಯಿತು. ಮಲೆನಾಡಿನ ಕುಮರಿ ಬೇಸಾಯವೂ ಕಾಡಿನ ನಾಶಕ್ಕೆ ಕಾರಣವೆಂದು ಅವರು ಭಾವಿಸಿದರು. ಕಾಡಿನ ತುಂಡೊಂದನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯ ಮೇಲೆ ರಾಗಿಯಂತಹ ಬೆಳೆಯನ್ನು ಒಂದೆರಡು ವರ್ಷ ತೆಗೆದು, ಬಳಿಕ ಆ ನೆಲವನ್ನು ಕಾಡಿಗೆ ಬಿಟ್ಟು ಮುಂದೆ ಸಾಗುವುದು ಈ ಪದ್ಧತಿ.

ಕಾಡುನಾಶದ ವರದಿ

ಅನಾರೋಗ್ಯದಿಂದ 1848ರಲ್ಲಿ ಸ್ವದೇಶಕ್ಕೆ ತೆರಳಿದ ಕ್ಲೆಗಾರ್ನ್, ಶಿವಮೊಗ್ಗದ ಅನುಭವವನ್ನು ಅಲ್ಲಿನ ವಿದ್ವತ್ ವಲಯದ ಮುಂದಿಟ್ಟರು. 1850ರಲ್ಲಿ ಭಾರತದ ಬೇಲಿ ಸಸ್ಯಗಳನ್ನು ಕುರಿತ ಲೇಖನವನ್ನು ಪ್ರಕಟಿಸಿದರು. ಯಾವ ನೆಲಕ್ಕೆ, ಯಾವ ಉದ್ದೇಶಕ್ಕೆ ಯಾವ ಗಿಡದ ಬೇಲಿ ಹೊಂದುತ್ತದೆ ಎಂಬುದು ಅದರ ವಿಷಯ. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿ, ಕತ್ತಾಳೆಗಳು ಆ ವೇಳೆಗಾಗಲೇ ದಕ್ಷಿಣ ಭಾರತದ ಬೇಲಿಗಳಲ್ಲಿ ಬೇರೂರಿದ್ದವು.

ಅದೇ ವರ್ಷ ಎಡಿನ್‌ಬರೋದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯು, ಉಷ್ಣವಲಯದ ಕಾಡುಗಳ ನಾಶದಿಂದ ಆರ್ಥಿಕತೆಗೂ ಪ್ರಕೃತಿಗೂ ಆಗಬಹುದಾದ ಪರಿಣಾಮಗಳ ಅಧ್ಯಯನಕ್ಕೆ ಸಮಿತಿಯೊಂದನ್ನು ನೇಮಿಸಿತು. ಕ್ಲೆಗಾರ್ನ್ ಅದರ ಪ್ರಮುಖ ಸದಸ್ಯರಾಗಿದ್ದರು. 1851ರಲ್ಲಿ ಇಪ್ಸ್‌ವಿಚ್ ಸಭೆಗೆ ಒಪ್ಪಿಸಿದ ಈ ಸಮಿತಿಯ ವರದಿಯು ಕಾಡು, ನೀರು ಮತ್ತು ಹವಾಮಾನಗಳ ಸಂಬಂಧವನ್ನು ಚರ್ಚಿಸಿದ ಆರಂಭಿಕ ದಾಖಲೆಗಳಲ್ಲಿ ಒಂದು.

ಮದರಾಸಿನ ಸೇವೆ

1852ರಲ್ಲಿ ಮದರಾಸಿಗೆ ಮರಳಿದ ಕ್ಲೆಗಾರ್ನ್ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಕೃಷಿ ಮತ್ತು ತೋಟಗಾರಿಕಾ ಸಂಘದ ಉದ್ಯಾನದಲ್ಲಿದ್ದ ಸಸ್ಯಗಳ ಪಟ್ಟಿಯನ್ನು 1853ರಲ್ಲಿ ಪ್ರಕಟಿಸಿದರು. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರಿಗಾಗಿ ಚಿತ್ರ ಬರೆದಿದ್ದ ಗೋವಿಂದೂ ಎಂಬ ಕಲಾವಿದರು ಕ್ಲೆಗಾರ್ನ್ ಅವರಿಗೂ ಚಿತ್ರಗಳನ್ನು ರಚಿಸಿದರು. 1856ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದಾಗ ಮೈಸೂರು ಕಮಿಷನರರಿಗೆ ಸಸ್ಯಶಾಸ್ತ್ರದ ಸಲಹೆಗಾರರಾಗಿದ್ದವರು ಇವರೇ. ಲಾಲ್‌ಬಾಗನ್ನು ಬರಿಯ ವ್ಯಾಪಾರಕ್ಕೆ ಬಳಸುವುದನ್ನು ಅವರು ಒಪ್ಪಲಿಲ್ಲ. ದೇಶೀಯ ಸಸ್ಯಗಳ ಬಳಕೆಯನ್ನು ಹೆಚ್ಚಿಸುವುದು, ಉಪಯುಕ್ತ ವಿದೇಶಿ ಸಸ್ಯಗಳನ್ನು ತರಿಸುವುದು, ಇತರ ಉದ್ಯಾನಗಳೊಡನೆ ಬೀಜ ಮತ್ತು ಸಸಿಗಳನ್ನು ವಿನಿಮಯ ಮಾಡುವುದು ಉದ್ಯಾನದ ಕೆಲಸವೆಂದು ಬಗೆದರು.

ಅರಣ್ಯ ಸಂರಕ್ಷಣಾಧಿಕಾರಿಯಾಗಿ

1856ರ ಜುಲೈನಲ್ಲಿ ಮದರಾಸಿನ ರಾಯಪುರದಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು ಓಡಿತು. ಹಳಿಗಳ ಅಡಿಗೆ ಹಾಸುವ ದಿಮ್ಮಿಗಳಿಗೂ ಇಂಧನಕ್ಕೂ ಮರದ ಬೇಡಿಕೆ ಏಕಾಏಕಿ ಏರಿತು. ಅದೇ ವರ್ಷದ ಕೊನೆಯಲ್ಲಿ ಕ್ಲೆಗಾರ್ನ್ ಅರಣ್ಯ ಸಂರಕ್ಷಣಾಧಿಕಾರಿಯಾದರು. ಪಶ್ಚಿಮ ಘಟ್ಟದ ಉದ್ದಕ್ಕೂ ಸಂಚರಿಸಿ ಅವರು ಸಲ್ಲಿಸಿದ ವರದಿಗಳು 1861ರಲ್ಲಿ ದಕ್ಷಿಣ ಭಾರತದ ಅರಣ್ಯಗಳು ಮತ್ತು ಉದ್ಯಾನಗಳನ್ನು ಕುರಿತ ಗ್ರಂಥವಾಗಿ ಹೊರಬಂದವು.

1860ರಲ್ಲಿ ಮದರಾಸು ಸರ್ಕಾರವು ತನ್ನ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿ ಬೇಸಾಯವನ್ನು ನಿಷೇಧಿಸಿತು. ಕಾಸರಗೋಡನ್ನೂ ಒಳಗೊಂಡಿದ್ದ ಕನ್ನಡ ಜಿಲ್ಲೆ ಆಗ ಮದರಾಸಿಗೆ ಸೇರಿತ್ತು. ದೊಡ್ಡ ಮರಗಳಿಗೆ ಇದರಿಂದ ರಕ್ಷಣೆ ದೊರೆಯಿತಾದರೂ, ಕುಮರಿಯನ್ನೇ ನಂಬಿದ್ದ ಗಿರಿಜನರು ತಲೆಮಾರುಗಳ ಜೀವನಕ್ರಮವನ್ನು ಕಳೆದುಕೊಂಡರು. ಅತ್ತ ರೈಲ್ವೆಗಾಗಿ ಮರ ಕಡಿಯುವುದು ಸರ್ಕಾರದ ಮೇಲ್ವಿಚಾರಣೆಯಲ್ಲಿ ಮುಂದುವರಿಯಿತು.

ಮೂಲ ಕಾಡಿನ ಮೇಲಿನ ಒತ್ತಡ ತಗ್ಗಿಸಲು ಬೇಗ ಬೆಳೆಯುವ ಮರಗಳ ತೋಪುಗಳು ಬೇಕೆಂದು ಆಡಳಿತವು ನಿರ್ಧರಿಸಿತು. ಉದಕಮಂಡಲದ ಸುತ್ತ ಸೌದೆಗಾಗಿ ಆಸ್ಟ್ರೇಲಿಯಾದ ಅಕೇಶಿಯಾ ಮತ್ತು ಯೂಕಲಿಪ್ಟಸ್ ಮರಗಳನ್ನು ಬೆಳೆಸುವ ಕ್ರಮಕ್ಕೆ ಕ್ಲೆಗಾರ್ನ್ ಅವರ ಬೆಂಬಲವಿತ್ತು. ಆ ಬೆಟ್ಟಗಳಲ್ಲಿ ನೆಲೆಯೂರಿದ ಯೂಕಲಿಪ್ಟಸ್ ಕನ್ನಡದಲ್ಲಿ ನೀಲಗಿರಿ ಎಂದೇ ಹೆಸರಾಯಿತು. ಹೊರಗಿನ ಮರಕ್ಕೆ ಊರಿನ ಹೆಸರೇ ಅಂಟಿಕೊಂಡಿತು.

ಕೊನೆಯ ವರ್ಷಗಳು

1860ರ ದಶಕದಲ್ಲಿ ಕ್ಲೆಗಾರ್ನ್ ಪಂಜಾಬ್ ಮತ್ತು ಪಶ್ಚಿಮ ಹಿಮಾಲಯದ ಕಾಡುಗಳನ್ನು ಸಮೀಕ್ಷಿಸಿ 1864ರಲ್ಲಿ ವರದಿ ನೀಡಿದರು. ಡೀಟ್ರಿಚ್ ಬ್ರಾಂಡಿಸ್ ಅವರು ರಜೆಯಲ್ಲಿದ್ದಾಗ ಭಾರತದ ಅರಣ್ಯಗಳ ಮಹಾನಿರೀಕ್ಷಕರ ಹುದ್ದೆಯನ್ನು ಹಂಗಾಮಿಯಾಗಿ ನಿರ್ವಹಿಸಿದರು. ನಿವೃತ್ತಿಯ ನಂತರ ಸ್ಟ್ರಾವಿಥಿಯಲ್ಲಿ ನೆಲೆಸಿ, ಭಾರತದ ಅರಣ್ಯ ಸೇವೆಗೆ ಅಭ್ಯರ್ಥಿಗಳನ್ನು ಆರಿಸುವುದರಲ್ಲಿ ನೆರವಾದರು. ಸ್ಕಾಟ್‌ಲೆಂಡಿನ ವೃಕ್ಷಕೃಷಿ ಸಂಘದ ಅಧ್ಯಕ್ಷರೂ ಆಗಿದ್ದರು. 1895ರಲ್ಲಿ ಸ್ಟ್ರಾವಿಥಿಯಲ್ಲಿಯೇ ನಿಧನರಾದರು.

ನಂತರದ ಪರಿಣಾಮಗಳು

ಕ್ಲೆಗಾರ್ನ್ ಅವರ ಕಾಲದಲ್ಲಿ ವಿದೇಶಿ ಸಸ್ಯವೊಂದು ನೆಟ್ಟ ಜಾಗವನ್ನು ಮೀರಿ ಹಬ್ಬಿ, ಇಡೀ ಪರಿಸರವನ್ನೇ ಬದಲಿಸಬಹುದೆಂಬ ಅರಿವು ವ್ಯಾಪಕವಾಗಿರಲಿಲ್ಲ. ನೀಲಗಿರಿ ಬೆಟ್ಟಗಳಲ್ಲಿ ಅಕೇಶಿಯಾ ಮರಗಳು ಶೋಲಾ ಕಾಡುಗಳ ನಡುವಣ ಹುಲ್ಲುಗಾವಲುಗಳಿಗೆ ನುಗ್ಗಿದವು. ಅವುಗಳ ನೆರಳಿನಲ್ಲಿ ಹುಲ್ಲು ಅಳಿಯಿತು. ಆ ಹುಲ್ಲನ್ನೇ ಆಶ್ರಯಿಸಿದ ನೀಲಗಿರಿ ತಾರ್‌ನಂತಹ ಪ್ರಾಣಿಗಳ ನೆಲೆ ಕುಗ್ಗಿತು. ಪಾಪಾಸುಕಳ್ಳಿ ದಕ್ಷಿಣದ ಬಯಲುಗಳಲ್ಲಿ ಹಬ್ಬಿ ಬೇಸಾಯಕ್ಕೆ ಅಡ್ಡಿಯಾಯಿತು. 1926ರಲ್ಲಿ ಶ್ರೀಲಂಕಾದಿಂದ ತಂದ ಕೊಚಿನೀಲ್ ಕೀಟದಿಂದ ಅದು ಹತೋಟಿಗೆ ಬಂದಿತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನಕ್ಕೆ ಅಂತಹ ಹತೋಟಿ ಸಾಧ್ಯವಾಗಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಅದು ಪೊದೆಗಟ್ಟಿ, ನೆಲಕ್ಕೆ ಬೆಳಕು ಬೀಳದಂತೆ ಮಾಡಿ, ಹುಲ್ಲನ್ನೂ ಮೂಲ ಮರಗಳ ಸಸಿಗಳನ್ನೂ ತಡೆಯುತ್ತದೆ. ವರ್ಷದ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ್ದೇ ಲಂಟಾನ ಹಬ್ಬಲು ಕಾರಣವೆಂಬುದು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅಭಿಪ್ರಾಯ. ಗಿರಿಜನರ ಬೆಂಕಿಯನ್ನು ಕೇವಲ ವಿನಾಶವೆಂದು ಕಂಡ ಹಳೆಯ ಅರಣ್ಯ ನೀತಿಯ ಮರುಪರಿಶೀಲನೆಗೆ ಈ ಅಭಿಪ್ರಾಯ ದಾರಿ ಮಾಡಿದೆ.

ಶಿವಮೊಗ್ಗ ಜಿಲ್ಲೆಯಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳು ವಿಸ್ತರಿಸಿದವು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ ಬೇಕಾದ ಮರ ಇಂತಹ ತೋಪುಗಳಿಂದ ಬರುತ್ತಿತ್ತು. ದನಗಳು ಅಕೇಶಿಯಾ ಎಲೆಯನ್ನು ಮೇಯುವುದಿಲ್ಲ. ಉದುರಿದ ಎಲೆ ಬೇಗ ಕೊಳೆಯುವುದಿಲ್ಲ. ಮೇವು, ಅಡಿಕೆ ತೋಟಕ್ಕೆ ಸೊಪ್ಪು, ಕಾಡುಹಣ್ಣು, ಜೇನು ಒದಗಿಸುತ್ತಿದ್ದ ಮಿಶ್ರ ಕಾಡಿನ ಸ್ಥಾನವನ್ನು ಏಕಜಾತಿಯ ತೋಪು ತುಂಬಲಾರದೆಂಬ ಆಕ್ಷೇಪ ಮಲೆನಾಡಿನ ರೈತರಿಂದ ಕೇಳಿಬಂದಿದೆ. 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಸ್ಮರಣೆ

ರಾಬರ್ಟ್ ವೈಟ್ ಅವರು ಕಣಗಿಲೆ ಕುಟುಂಬದ ಸಸ್ಯಕುಲವೊಂದಕ್ಕೆ ಕ್ಲೆಗಾರ್ನಿಯಾ ಎಂದು ಹೆಸರಿಟ್ಟಿದ್ದಾರೆ. ಕ್ಲೆಗಾರ್ನ್ ಬರೆಯಿಸಿದ ಚಿತ್ರಗಳು ಎಡಿನ್‌ಬರೋದ ರಾಯಲ್ ಸಸ್ಯೋದ್ಯಾನದಲ್ಲಿವೆ. ಅವರ ಜೀವನವನ್ನೂ ಈ ಚಿತ್ರಸಂಗ್ರಹವನ್ನೂ ಕುರಿತ ಎಚ್. ಜೆ. ನೋಲ್ಟಿ ಅವರ ಎರಡು ಸಂಪುಟಗಳು 2016ರಲ್ಲಿ ಪ್ರಕಟವಾದವು. ನೆಡುತೋಪುಗಳು ಬರುವುದಕ್ಕೆ ನೂರು ವರ್ಷಗಳಿಗೂ ಮೊದಲು ಶಿವಮೊಗ್ಗದ ಸುತ್ತಮುತ್ತ ಯಾವ ಯಾವ ಸಸ್ಯಗಳು ಬೆಳೆಯುತ್ತಿದ್ದವೆಂದು ತಿಳಿಯಲು ಆ ಚಿತ್ರಗಳು ನೆರವಾಗುತ್ತವೆ.