ಕೇರಳದ ಕಡಲ ಮರಳಿನಲ್ಲಿ ಬೆಳಕು ಕಂಡ ಹೋಮಿ ಭಾಭಾ

ಊರಿಗೆ ಕರೆಂಟ್ ಬರುವ ಮೊದಲು ಕಾಸರಗೋಡಿನ ಬಯಲಾಟಗಳಿಗೆ ಗ್ಯಾಸ್‌ಲೈಟೇ ಬೆಳಕು. ಆ ದೀಪದೊಳಗೆ ಬೆಳ್ಳಗೆ ಹೊಳೆಯುತ್ತಿದ್ದ ಮ್ಯಾಂಟಲನ್ನು ಥೋರಿಯಂ ಎಂಬ ಲೋಹದ ಲವಣದಲ್ಲಿ ಅದ್ದಿ ತಯಾರಿಸುತ್ತಿದ್ದರು. ಈ ಥೋರಿಯಂ ಇರುವುದು ಮೊನಜೈಟ್ ಎಂಬ ಖನಿಜದಲ್ಲಿ. ಕೇರಳದ ದಕ್ಷಿಣ ಕಡಲ ತೀರದ ಮರಳಿನಲ್ಲಿ ಮೊನಜೈಟ್ ಧಾರಾಳವಾಗಿದೆ. ಅದೇ ಮರಳಿನಿಂದ ಮುಂದೊಂದು ದಿನ ಇಡೀ ದೇಶಕ್ಕೆ ವಿದ್ಯುತ್ ಕೊಡಬಹುದೆಂದು ಲೆಕ್ಕ ಹಾಕಿದವರು ಡಾ. ಹೋಮಿ ಜಹಾಂಗೀರ್ ಭಾಭಾ. 2024ರಲ್ಲಿ ಕೇರಳದ ಅಣುಸ್ಥಾವರದ ಚರ್ಚೆಯಲ್ಲಿ ಜಿಲ್ಲೆಯ ಚೀಮೇನಿಯ ಹೆಸರು ಕೇಳಿಬಂದ ಮೇಲೆ ಭಾರತದ ಅಣುಶಕ್ತಿಯ ಜನಕನೆನಿಸಿದ ಈ ವಿಜ್ಞಾನಿಯ ಬದುಕಿಗೂ ಗಡಿನಾಡಿಗೂ ಹೊಸ ನಂಟು ಬೆಳೆದಿದೆ.

ಮೈಸೂರಿನ ಬೇರು

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಶ್ರೀಮಂತ ಪಾರ್ಸಿ ಕುಟುಂಬದಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ಜರ್ಮನಿಯ ರಸಾಯನ ತಜ್ಞ ಷೋಂಬರ್ಗ್, ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಮೊನಜೈಟನ್ನು ಗುರುತಿಸಿದ್ದರು.

ಭಾಭಾ ಅವರ ಅಜ್ಜ ಹೊರ್ಮುಸ್‌ಜಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ. ಸೋದರತ್ತೆ ಮೆಹರ್‌ಬಾಯಿ ಸರ್ ದೊರಾಬ್ಜಿ ಟಾಟಾ ಅವರ ಪತ್ನಿ. ಹುಡುಗ ಇಂಜಿನಿಯರ್ ಆಗಿ ಬಂದು ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. 1927ರಲ್ಲಿ ಕೇಂಬ್ರಿಜ್‌ಗೆ ಹೋದ ಹೋಮಿಗೆ ಮಾತ್ರ ಮನಸ್ಸೆಲ್ಲ ಭೌತವಿಜ್ಞಾನದ ಮೇಲೆ. ತನ್ನ ದಾರಿ ಬೇರೆ ಎಂದು ತಂದೆಗೆ ಪತ್ರ ಬರೆದ. ಇಂಜಿನಿಯರಿಂಗ್‌ನಲ್ಲಿ ಮೊದಲ ದರ್ಜೆ ತಂದರೆ ಗಣಿತ ಓದಿಸುತ್ತೇನೆ ಎಂದು ತಂದೆ ಷರತ್ತು ಹಾಕಿದರು. ಮಗ ಮೊದಲ ದರ್ಜೆಯನ್ನೂ ತಂದ, ಗಣಿತವನ್ನೂ ಓದಿದ.

ಒಂದೇ ಹೆಸರು, ಬೇರೆ ಬೇರೆ ತೂಕ

ಆಗ ಕೇಂಬ್ರಿಜ್‌ನಲ್ಲಿ ಪರಮಾಣುವಿನ ಗುಟ್ಟುಗಳು ಒಂದೊಂದಾಗಿ ಬಯಲಾಗುತ್ತಿದ್ದವು. 1932ರಲ್ಲಿ ಅಲ್ಲಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೇಮ್ಸ್ ಚಾಡ್‌ವಿಕ್ ನ್ಯೂಟ್ರಾನ್ ಎಂಬ ಕಣವನ್ನು ಕಂಡುಹಿಡಿದರು. ಭಾಭಾ ಮುಂದೆ ಮಾಡಿದ ಯೋಜನೆಯೆಲ್ಲ ನಿಂತಿರುವುದು ಈ ಕಣದ ಮೇಲೆ.

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರೊಳಗೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು, ಹೊರಗೆ ಇಲೆಕ್ಟ್ರಾನ್‌ಗಳು. ಧಾತುವಿನ ಹೆಸರನ್ನು ನಿರ್ಧರಿಸುವುದು ಪ್ರೋಟಾನ್‌ಗಳ ಸಂಖ್ಯೆ. 92 ಪ್ರೋಟಾನ್ ಇದ್ದರೆ ಅದು ಯುರೇನಿಯಂ, 90 ಇದ್ದರೆ ಥೋರಿಯಂ. ಆದರೆ ಒಂದೇ ಧಾತುವಿನ ಪರಮಾಣುಗಳಲ್ಲಿ ನ್ಯೂಟ್ರಾನ್‌ಗಳ ಸಂಖ್ಯೆ ಬೇರೆ ಬೇರೆ ಇರಬಹುದು. ಹೀಗೆ ಹೆಸರು ಒಂದೇ ಆಗಿ ತೂಕ ಬೇರೆಯಾದವುಗಳಿಗೆ ಐಸೊಟೋಪ್ ಅಥವಾ ಸಮಸ್ಥಾನಿ ಎನ್ನುತ್ತಾರೆ. ಯುರೇನಿಯಂ 235ರಲ್ಲಿ 143 ನ್ಯೂಟ್ರಾನ್, ಯುರೇನಿಯಂ 238ರಲ್ಲಿ 146. ಮೂರೇ ನ್ಯೂಟ್ರಾನ್‌ಗಳ ಅಂತರವಾದರೂ ಗುಣದಲ್ಲಿ ಅಜಗಜಾಂತರ. 235ಕ್ಕೆ ನಿಧಾನಗತಿಯ ಒಂದು ನ್ಯೂಟ್ರಾನ್ ತಾಗಿದರೆ ಸಾಕು, ಅದು ಒಡೆದು ಅಪಾರ ಶಾಖವನ್ನೂ ಮತ್ತಷ್ಟು ನ್ಯೂಟ್ರಾನ್‌ಗಳನ್ನೂ ಹೊರಚೆಲ್ಲುತ್ತದೆ. 238 ಹಾಗೆ ಸುಲಭದಲ್ಲಿ ಒಡೆಯುವುದಿಲ್ಲ. ಗಣಿಯಿಂದ ತೆಗೆದ ಯುರೇನಿಯಂನಲ್ಲಿ 235ರ ಪಾಲು ಶೇಕಡಾ 0.7 ಮಾತ್ರ.

ರಜೆಗೆ ಬಂದು ಉಳಿದವರು

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದ ಭಾಭಾಗೆ ಎರಡನೇ ಮಹಾಯುದ್ಧದಿಂದಾಗಿ ಮರಳಿ ಹೋಗಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಮುಖ್ಯಸ್ಥರಾಗಿದ್ದ ಭೌತವಿಜ್ಞಾನ ವಿಭಾಗವನ್ನು ಸೇರಿ ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ತೊಡಗಿದರು. 1941ರಲ್ಲಿ, ಇನ್ನೂ 31ರ ವಯಸ್ಸಿನಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ವಿದೇಶದಲ್ಲಿ ಒಳ್ಳೆಯ ಹುದ್ದೆ ಸಿಗುವ ಸಾಧ್ಯತೆ ಇದ್ದರೂ ಇಲ್ಲೇ ಉಳಿಯುವ ನಿರ್ಧಾರ ಗಟ್ಟಿಯಾದದ್ದು ಬೆಂಗಳೂರಿನ ಈ ವರ್ಷಗಳಲ್ಲಿ. 1944ರಲ್ಲಿ ದೊರಾಬ್ಜಿ ಟಾಟಾ ಟ್ರಸ್ಟ್‌ಗೆ ಪತ್ರ ಬರೆದು ಮೂಲವಿಜ್ಞಾನಕ್ಕೊಂದು ಸಂಸ್ಥೆ ಬೇಕೆಂದು ಕೇಳಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಬೆಂಗಳೂರಿನಲ್ಲೇ ಕೆಲಸ ಆರಂಭಿಸಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ಸ್ಥಳಾಂತರಗೊಂಡಿತು.

ಮರಳಿನ ಲೆಕ್ಕಾಚಾರ

1948ರಲ್ಲಿ ಅಣುಶಕ್ತಿ ಆಯೋಗ ರಚನೆಯಾದಾಗ ಭಾಭಾ ಅದರ ಅಧ್ಯಕ್ಷರಾದರು. ದೇಶದಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಹೆಚ್ಚು ಎಂಬುದು ಅವರ ಮುಂದಿದ್ದ ಸಮಸ್ಯೆ. ಮೊನಜೈಟ್ ಬೇರೆ ದೇಶಗಳ ಪಾಲಾಗದಂತೆ ನೋಡಿಕೊಳ್ಳಬೇಕಿತ್ತು. 1950ರಲ್ಲಿ ಕೇಂದ್ರ ಸರಕಾರ ಮತ್ತು ತಿರು-ಕೊಚ್ಚಿ ಸರಕಾರ ಸೇರಿ ಇಂಡಿಯನ್ ರೇರ್ ಅರ್ಥ್ಸ್ ಕಂಪೆನಿಯನ್ನು ಸ್ಥಾಪಿಸಿದವು. 1952ರಲ್ಲಿ ಆಲುವಾದಲ್ಲಿ ಅದರ ಕಾರ್ಖಾನೆಯನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು.

ಆದರೆ ಥೋರಿಯಂ ನೇರವಾಗಿ ಇಂಧನವಾಗುವುದಿಲ್ಲ. ಪ್ರಕೃತಿಯಲ್ಲಿ ಸಿಗುವ ಥೋರಿಯಂ ಬಹುತೇಕ ಎಲ್ಲವೂ 232 ಎಂಬ ಒಂದೇ ಐಸೊಟೋಪ್. ಅದು ಒಂದು ನ್ಯೂಟ್ರಾನನ್ನು ನುಂಗಿ 233 ಆಗುತ್ತದೆ. ಬಳಿಕ ಅದರೊಳಗಿನ ಎರಡು ನ್ಯೂಟ್ರಾನ್‌ಗಳು ಒಂದರ ಹಿಂದೊಂದು ಪ್ರೋಟಾನ್‌ಗಳಾಗಿ ಬದಲಾಗಿ 90 ಇದ್ದದ್ದು 92 ಆಗುತ್ತದೆ. ಹೀಗೆ ಹುಟ್ಟುವ ಯುರೇನಿಯಂ 233 ಒಳ್ಳೆಯ ಇಂಧನ. ಆದರೆ ಇದಕ್ಕೆ ಬೇಕಾದಷ್ಟು ನ್ಯೂಟ್ರಾನ್‌ಗಳನ್ನು ಮೊದಲು ಬೇರೆ ಕಡೆಯಿಂದ ಒದಗಿಸಬೇಕು.

ಇದಕ್ಕಾಗಿಯೇ ಭಾಭಾ 1954ರಲ್ಲಿ ಮೂರು ಹಂತದ ಯೋಜನೆಯನ್ನು ಮುಂದಿಟ್ಟರು. ಮೊದಲು ಸಹಜ ಯುರೇನಿಯಂ ಉರಿಸಿ ವಿದ್ಯುತ್ತಿನ ಜತೆ ಪ್ಲುಟೋನಿಯಂ ಪಡೆಯುವುದು. ಎರಡನೇ ಹಂತದಲ್ಲಿ ಆ ಪ್ಲುಟೋನಿಯಂನಿಂದ ನಡೆಯುವ ರಿಯಾಕ್ಟರ್‌ಗಳಲ್ಲಿ ಇಂಧನವನ್ನು ಬೆಳೆಸಿಕೊಂಡು ಥೋರಿಯಂನಿಂದ ಯುರೇನಿಯಂ 233 ತಯಾರಿಸುವುದು. ಮೂರನೆಯದು ಥೋರಿಯಂ ಮತ್ತು 233 ಸೇರಿ ನಡೆಯುವ ಸ್ಥಾವರ. ಹಾಲಿಗೆ ಹೆಪ್ಪು ಹಾಕಿದಂತೆ ಒಂದು ಹಂತದ ಉತ್ಪನ್ನ ಮುಂದಿನ ಹಂತಕ್ಕೆ ಹೆಪ್ಪು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ದೇಶದ ಮೊದಲ ರಿಯಾಕ್ಟರ್ ಅಪ್ಸರಾ ಚಾಲನೆಗೊಂಡಿತು.

ಭಾಭಾ ಅವರ ಲೆಕ್ಕವೆಲ್ಲ ಸರಿಯಾಯಿತೆಂದಲ್ಲ. 1955ರ ಜಿನೀವಾ ಸಮ್ಮೇಳನದ ಅಧ್ಯಕ್ಷರಾಗಿ ಅವರು, ಎರಡು ದಶಕದೊಳಗೆ ಸೂರ್ಯನಲ್ಲಿ ನಡೆಯುವಂತಹ ಸಮ್ಮಿಲನ ಕ್ರಿಯೆಯಿಂದ ಶಕ್ತಿ ಪಡೆಯುವ ದಾರಿ ತಿಳಿಯುತ್ತದೆ ಎಂದು ನಂಬಿದ್ದರು. ಅದು ಕೈಗೂಡಲಿಲ್ಲ.

ಮುಗಿಯದ ಕೆಲಸ

1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಪ್ರಯಾಣಿಸುತ್ತಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರದ ಬಳಿ ಅಪ್ಪಳಿಸಿತು. ವಿಮಾನದಲ್ಲಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವಿವಾಹಿತರಾಗಿದ್ದ, ಚಿತ್ರಕಲೆ ಮತ್ತು ಸಂಗೀತವನ್ನು ವಿಜ್ಞಾನದಷ್ಟೇ ಪ್ರೀತಿಸಿದ ಭಾಭಾಗೆ ಆಗ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ಉತ್ತರ ಕನ್ನಡದ ಕೈಗಾ ಸ್ಥಾವರ ಅವರ ಯೋಜನೆಯ ಮೊದಲ ಹಂತಕ್ಕೆ ಸೇರಿದ್ದು. 2018ರಲ್ಲಿ ಅದರ ಒಂದು ಘಟಕ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಎರಡನೇ ಹಂತದ ಕಲ್ಪಾಕ್ಕಂ ರಿಯಾಕ್ಟರ್‌ನ ಗರ್ಭಭಾಗವನ್ನು ತುಂಬುವ (ಕೋರ್ ಲೋಡಿಂಗ್) ಕೆಲಸ ಆರಂಭವಾದದ್ದು 2024ರಲ್ಲಿ. ಯುರೇನಿಯಂ 233ರಿಂದ ನಡೆಯುವ ಕಾಮಿನಿ ಎಂಬ ಪುಟ್ಟ ಸಂಶೋಧನಾ ರಿಯಾಕ್ಟರ್ ಅಲ್ಲೇ 1996ರಲ್ಲಿ ಚಾಲನೆಗೊಂಡಿದ್ದರೂ, ಮನೆಮನೆಗೆ ಥೋರಿಯಂ ವಿದ್ಯುತ್ ಕೊಡುವ ದೊಡ್ಡ ಸ್ಥಾವರ ಇನ್ನೂ ಆಗಿಲ್ಲ.

ನೆರೆಯ ಕಣ್ಣೂರು ಜಿಲ್ಲೆಯ ಪೆರಿಂಗೋಂನಲ್ಲಿ ಅಣುಸ್ಥಾವರದ ಪ್ರಸ್ತಾಪ 1990ರ ಸುಮಾರಿಗೆ ಜನರ ವಿರೋಧದಿಂದ ನಿಂತುಹೋದದ್ದು ಇಲ್ಲಿನ ಹಿರಿಯರಿಗೆ ನೆನಪಿದೆ. ಚೀಮೇನಿಯ ಮಾತು ಬಂದಾಗ ಕೇರಳದ ಥೋರಿಯಂ ಹೆಸರೂ ಜತೆಗೇ ಬರುತ್ತದೆ. ಆದರೆ ಈಗಿನ ಸ್ಥಾವರಗಳಿಗೆ ಬೇಕಾದ ಇಂಧನ ಮುಖ್ಯವಾಗಿ ಯುರೇನಿಯಂ. ಕೇರಳದ ಮರಳಿನ ಸರದಿ ಇನ್ನೂ ಬಂದಿಲ್ಲ. ಸ್ಥಾವರ ಬೇಕೆನ್ನುವವರೂ ಬೇಡವೆನ್ನುವವರೂ ಈ ವ್ಯತ್ಯಾಸವನ್ನು ತಿಳಿದು ಮಾತಾಡಿದರೆ, ಪ್ರತಿಯೊಂದು ನ್ಯೂಟ್ರಾನನ್ನೂ ಲೆಕ್ಕವಿಟ್ಟ ಭಾಭಾ ಅವರಿಗೆ ಸಲ್ಲುವ ಗೌರವ ಅದೇ.